ಹದಿನೆಂಟು ಮೀಟರ್ ಎಂಬತ್ತು

ಅಪ್ಪ ಹೋಗಿ ವರ್ಷ ತುಂಬುವುದಕ್ಕೆ ಇನ್ನೊಂದು ತಿಂಗಳಿತ್ತು. ಸಂಕ್ರಾಂತಿಗೆ ತುಮಕೂರಿನ ಮನೆಗೆ ಹೋಗಿದ್ದೆವು. ಹಿತ್ತಿಲಲ್ಲಿ ಅಮ್ಮ ಬಟ್ಟೆ ಒಣಹಾಕುತ್ತಾ ಹಗ್ಗಕ್ಕೆ ಬೈಯುತ್ತಿದ್ದಳು.

"ಎಲ್ಲಿ ನೋಡಿದ್ರೂ ದಾರ ಸುತ್ತಿದ್ದಾರೆ. ಕ್ಲಿಪ್ಪೇ ಕೂರಲ್ಲ."

ನನ್ನ ಮಗಳು ಪುಟ್ಟಿ ಹೋಗಿ ನೋಡಿದಳು. ದಪ್ಪ ನೈಲಾನ್ ಹಗ್ಗ. ಒಂದು ತುದಿಗೆ ಕಬ್ಬಿಣದ ಬಳೆ. ಅಲ್ಲಿಂದ ತುಂಬಾ ದೂರ ಏನೂ ಇಲ್ಲ. ಕೊನೆಕೊನೆಗೆ ಮಾತ್ರ ನಾಲ್ಕು ನಾಲ್ಕು ಅಡಿಗೆ ಕೆಂಪು ದಾರ ಬಿಗಿಯಾಗಿ ಸುತ್ತಿದೆ.

"ಅಜ್ಜೀ, ಇದು ತಾತನ ಟ್ರ್ಯಾಕ್ ಹಗ್ಗ!"

"ಗೊತ್ತು ಬಿಡೇ. ಅವರಿದ್ದಾಗ ಮುಟ್ಟೋಕೆ ಬಿಡ್ತಿರಲಿಲ್ಲ. ಈಗ ನನ್ನ ಸೀರೆ ಒಣಗಿಸ್ತಿದೆ."

ಅಪ್ಪ ಪಿಟಿ ಮೇಷ್ಟ್ರು. 1974ರಿಂದ 2006ರವರೆಗೆ ತುಮಕೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಓಡಿಸಿದವರು. ಪಾವಗಡ, ಶಿರಾ, ಮಧುಗಿರಿ, ಕೊನೆಗೆ ತಿಪಟೂರಿನ ಹತ್ತಿರದ ಒಂದು ಹಳ್ಳಿ. ನಾಲ್ಕು ಊರು, ನಾಲ್ಕು ಗ್ರೌಂಡು. ಈ ಗ್ರೌಂಡುಗಳನ್ನೆಲ್ಲ ಒಂದು ಸಲ ನೋಡಿಕೊಂಡು ಬರೋಣ ಅಂದವಳು ಪುಟ್ಟಿ. ಗಣರಾಜ್ಯೋತ್ಸವ ಸೋಮವಾರ ಬಂದಿತ್ತು. ಶುಕ್ರವಾರ, ಶನಿವಾರ ರಜೆ ಹಾಕಿದರೆ ನಾಲ್ಕು ದಿನ. ನನ್ನ ತಮ್ಮ ಕಾರು ತಂದ. ಅವನ ಮಗ ಚಿನ್ನು, ಒಂಬತ್ತು ವರ್ಷ, ಜೊತೆಗೆ ಬಂದ. ಅಮ್ಮ ಮೊದಲು "ನಂಗ್ಯಾಕೆ ಆ ಧೂಳು" ಅಂದಳು. ಆಮೇಲೆ ಎಲ್ಲರಿಗಿಂತ ಮುಂಚೆ ಬ್ಯಾಗ್ ತುಂಬಿಸಿಟ್ಟಿದ್ದಳು. ಹಗ್ಗವನ್ನು ಬಿಚ್ಚಿ ಸುತ್ತಿ ಡಿಕ್ಕಿಗೆ ಹಾಕಿದವಳು ಪುಟ್ಟಿ.

ಮೊದಲ ದಿನ, ಶುಕ್ರವಾರ

ಬೆಂಗಳೂರಿನಿಂದ ಬೆಳಗ್ಗೆ ಆರಕ್ಕೇ ಹೊರಟೆವು. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ. ಅಪ್ಪ ಇಲ್ಲಿ ಎರಡೇ ತಿನ್ನುತ್ತಿದ್ದರು. ಬೆಣ್ಣೆ ಬೇಡ ಅನ್ನುತ್ತಿದ್ದರು, ಆಮೇಲೆ ನನ್ನ ತಟ್ಟೆಯಿಂದ ತೆಗೆದುಕೊಳ್ಳುತ್ತಿದ್ದರು. ತುಮಕೂರಿನ ಮನೆ ಮುಟ್ಟಿದರೆ ಅಮ್ಮ ಉಪ್ಪಿಟ್ಟು ಮಾಡಿಟ್ಟು ಕೂತಿದ್ದಳು. ಇಡ್ಲಿ ತಿಂದು ಬಂದಿದ್ದಕ್ಕೆ ಕೊರಟಗೆರೆ ತನಕ ಮಾತಾಡಲಿಲ್ಲ.

ಕೊರಟಗೆರೆ ದಾಟಿ ಮಧುಗಿರಿ ಹತ್ತಿರವಾಗುತ್ತಿದ್ದ ಹಾಗೆ ಬೆಟ್ಟ ಕಾಣುತ್ತದೆ. ಒಂದೇ ಕಲ್ಲು, ಅದರ ಮೈಮೇಲೆ ಕೋಟೆ ಗೋಡೆ. ಎತ್ತರ ಸಮುದ್ರಮಟ್ಟದಿಂದ 1,193 ಮೀಟರ್. ನಮ್ಮಜ್ಜಿ ಇದನ್ನು ಮದ್ದಗಿರಿ ಅನ್ನುತ್ತಿದ್ದರು. ಅಮ್ಮ ಈಗಲೂ ಹಾಗೇ ಅನ್ನುತ್ತಾಳೆ. ಬೆಟ್ಟ ಕಂಡ ಕೂಡಲೇ ಅವಳ ಸಿಟ್ಟು ಇಳಿಯಿತು. ನಾನು ಹತ್ತನೇ ವಯಸ್ಸಿನಿಂದ ಎಸ್ಸೆಸ್ಸೆಲ್ಸಿ ತನಕ ಬೆಳೆದದ್ದು ಇಲ್ಲಿಯೇ.

ಅಪ್ಪ ಪಾಠ ಮಾಡಿದ ಶಾಲೆಯ ಮೈದಾನ ಅರ್ಧ ಆಗಿದೆ. ಒಂದು ಕಡೆ ಹೊಸ ಕಟ್ಟಡ ಬಂದಿದೆ. ಇನ್ನೊಂದು ಕಡೆ ಹೊಂಗೆ ಮರಗಳು ಹಾಗೇ ಇವೆ. ಹೆಡ್‌ಮಿಸ್ ಒಳಗೆ ಕರೆದು ಕೂರಿಸಿ ಟೀ ತರಿಸಿದರು. ಅಪ್ಪನನ್ನು ಅವರು ನೋಡಿರಲಿಲ್ಲ. ಆದರೂ ಬೀರುವಿನ ಮೇಲಿದ್ದ ಹಳೇ ಶೀಲ್ಡುಗಳನ್ನು ಕೆಳಗಿಳಿಸಿ ಧೂಳು ಒರೆಸಿ ತೋರಿಸಿದರು. ಎರಡು ಶೀಲ್ಡಿನ ಮೇಲೆ ನಾವಿದ್ದ ಕಾಲದ ಇಸವಿ ಇತ್ತು. ಚಿನ್ನು ಫೋಟೋ ತೆಗೆದುಕೊಂಡ.

ಈ ಗ್ರೌಂಡಿನಲ್ಲಿ ನನ್ನ ಕೆಲಸ ಗೂಟ ಹಿಡಿಯುವುದು. ಸ್ಪೋರ್ಟ್ಸ್ ಡೇ ಹಿಂದಿನ ಸಾಯಂಕಾಲ ಅಪ್ಪ ಟ್ರ್ಯಾಕ್ ಹಾಕುತ್ತಿದ್ದರು. ನಾನೂರು ಮೀಟರ್ ಟ್ರ್ಯಾಕಿಗೆ ಜಾಗ ಎಲ್ಲಿ ಬರಬೇಕು, ಇನ್ನೂರು ಮೀಟರಿಂದೇ. ಎರಡು ಕಡೆ ನಲವತ್ತು ನಲವತ್ತು ಮೀಟರ್ ನೇರ ದಾರಿ. ಉಳಿದ ನೂರ ಇಪ್ಪತ್ತು ಮೀಟರ್ ಎರಡು ತಿರುವಿನಲ್ಲಿ ಬರಬೇಕು. ತಿರುವು ಅಂದರೆ ಅರ್ಧ ವೃತ್ತ. ಅದರ ಮಧ್ಯದಲ್ಲಿ ಒಂದು ಕಬ್ಬಿಣದ ಗೂಟ ಹೊಡೆದು, ಹಗ್ಗದ ಬಳೆಯನ್ನು ಅದಕ್ಕೆ ಹಾಕಿ, ಮೊದಲನೇ ಕೆಂಪು ದಾರ ಹಿಡಿದು ಎಳೆದುಕೊಂಡು ನಡೆಯುತ್ತಿದ್ದರು. ಗೂಟದಿಂದ ಆ ದಾರಕ್ಕೆ ಹದಿನೆಂಟು ಮೀಟರ್ ಎಂಬತ್ತು ಸೆಂಟಿಮೀಟರ್. ಅದು ಒಳಗೆರೆ. ಓಡುವವರು ಗೆರೆ ಮೇಲೆ ಓಡಲ್ಲ, ಒಂದು ಮೂವತ್ತು ಸೆಂಟಿಮೀಟರ್ ಆಚೆ ಓಡುತ್ತಾರೆ. ಆ ಮೂವತ್ತನ್ನು ಸೇರಿಸಿದರೆ ಲೆಕ್ಕ ಸರಿಯಾಗಿ ಇನ್ನೂರಕ್ಕೆ ಬರುತ್ತದೆ. ಎರಡನೇ ದಾರ ಎರಡನೇ ಗೆರೆಗೆ, ಮೂರನೇದು ಮೂರಕ್ಕೆ. ಲೇನಿನ ಅಗಲ ಒಂದು ಮೀಟರ್ ಇಪ್ಪತ್ತೆರಡು.

ಅಪ್ಪನ ಹಿಂದೆ ಹುಡುಗರು ಸುಣ್ಣದ ಡಬ್ಬಿ ಹಿಡಿದು ಬಗ್ಗಿಕೊಂಡು ಬರುತ್ತಿದ್ದರು. ಹಾಲಿನ ಪುಡಿಯ ಹಳೇ ಡಬ್ಬಿ, ತಳದಲ್ಲಿ ಮೊಳೆಯಿಂದ ಹೊಡೆದ ತೂತು. ಡಬ್ಬಿಯನ್ನು ಮೆಲ್ಲಗೆ ತಟ್ಟಿದರೆ ಸುಣ್ಣ ಎರಡು ಬೆರಳಗಲಕ್ಕೆ ಬೀಳುತ್ತದೆ. ಜೋರಾಗಿ ತಟ್ಟಿದವನಿಗೆ ಬೈಗುಳ. ನಾನು ಗೂಟದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕು. "ಗೂಟ ಅಲ್ಲಾಡಿದ್ರೆ ಗೆರೆ ಅಲ್ಲಾಡುತ್ತೆ ಕಣೇ" ಅನ್ನುತ್ತಿದ್ದರು. ಅಪ್ಪ ನನ್ನ ಸುತ್ತಾ ತಿರುಗುತ್ತಿದ್ದರು, ನಾನು ಹಗ್ಗದ ನೆರಳು ತಿರುಗುವುದನ್ನು ನೋಡುತ್ತಿದ್ದೆ. ಅಪ್ಪ ನನಗೊಬ್ಬಳಿಗೇ ಸಿಗುತ್ತಿದ್ದದ್ದು ಅಷ್ಟು ಹೊತ್ತು. ಅದೂ ಹದಿನೆಂಟು ಮೀಟರ್ ದೂರದಲ್ಲಿ.

ಹಗ್ಗಕ್ಕೆ ದಾರ ಸುತ್ತುವ ಮುಂಚೆ ಒಂದು ವಾರ ಅದನ್ನು ಮನೆಯ ತೊಲೆಗೆ ಕಟ್ಟಿ, ಕೆಳಗೆ ಶಾಟ್‌ಪುಟ್ ಗುಂಡು ತೂಗುಹಾಕಿದ್ದರಂತೆ. ಹಿಗ್ಗುವುದೆಲ್ಲ ಹಿಗ್ಗಿ ಮುಗಿಯಲಿ ಅಂತ. "ಏಳು ಕೇಜಿ ಗುಂಡು, ನನ್ನ ಅಡುಗೆಮನೆ ಬಾಗಿಲಲ್ಲಿ. ಹೋಗ್ತಾ ಬರ್ತಾ ತಲೆಗೆ ಹೊಡೆಸ್ಕೊಂಡಿದ್ದೀನಿ" ಅಂದಳು ಅಮ್ಮ.

ಇಲ್ಲಿಯೇ ಇನ್ನೊಂದು ಕಥೆ ಇದೆ. ಬರೆಯಬೇಕೋ ಬೇಡವೋ ಅಂತ ಇದ್ದೆ. ಪುಟ್ಟಿ ಬರಿ ಅಂದಳು.

1989. ನನಗೆ ಹದಿಮೂರು. ತಾಲ್ಲೂಕು ಮಟ್ಟದ ಕ್ರೀಡಾಕೂಟ ಇದೇ ಮೈದಾನದಲ್ಲಿ ನಡೆಯಿತು. ಇನ್ನೂರು ಮೀಟರ್ ಓಟ, ನಾನು ಮೂರನೇ ಲೇನ್. ಎರಡನೇ ಬಂದೆ. ಕುಣಿಯುತ್ತಾ ತಿರುಗಿ ನೋಡಿದರೆ ತಿರುವಿನ ಹತ್ತಿರ ನಿಂತಿದ್ದ ಅಂಪೈರ್ ಕೆಂಪು ಬಾವುಟ ಎತ್ತಿದ್ದರು. ನಾನು ಎರಡು ಹೆಜ್ಜೆ ಒಳಲೇನಿಗೆ ಕಾಲಿಟ್ಟಿದ್ದೆನಂತೆ. ಡಿಸ್‌ಕ್ವಾಲಿಫೈ. ಬಾವುಟ ಎತ್ತಿದವರು ನಮ್ಮಪ್ಪ.

ಮೂರು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಅವರೂ ಸಮಾಧಾನ ಮಾಡಲಿಲ್ಲ. ನಾಲ್ಕನೇ ದಿನ ಇಬ್ಬರೂ ಏನೂ ಆಗಿಲ್ಲ ಅನ್ನುವ ಹಾಗೆ ಮಾತು ಶುರು ಮಾಡಿದೆವು. ಆದರೆ ಆಮೇಲೆ ನಾನು ಓಡಲಿಲ್ಲ. ಸೈನ್ಸ್ ತಗೊಂಡೆ, ಓದಿದೆ, ಕೆಲಸಕ್ಕೆ ಸೇರಿದೆ. ಮನಸ್ಸಿನ ಮೂಲೆಯಲ್ಲಿ ಅದು ಹಾಗೇ ಇತ್ತು. ಬೇರೆಯವರ ಮಕ್ಕಳ ಕಾಲಿಗೆ ಎಣ್ಣೆ ತಿಕ್ಕುವ ಮನುಷ್ಯನಿಗೆ ತನ್ನ ಮಗಳ ಎರಡು ಹೆಜ್ಜೆ ಕಾಣದೆ ಇರಬಹುದಿತ್ತಲ್ಲ ಅಂತ.

ಈಗ ಹೊಂಗೆ ಮರದ ಕೆಳಗೆ ಕೂತು ಇದನ್ನು ಮಕ್ಕಳಿಗೆ ನಗುನಗುತ್ತಲೇ ಹೇಳುತ್ತಿದ್ದೆ. ಅಮ್ಮ ಕಡ್ಲೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೇ ಅಂದಳು:

"ಮಾರನೇ ದಿನ ಬೆಳಗಿನ ಜಾವ ಬ್ಯಾಟರಿ ಹಿಡ್ಕೊಂಡು ಬಂದು ಆ ತಿರುವು ಮತ್ತೆ ಅಳೆದ್ರು."

"ಯಾರು?"

"ಯಾರು ಅಂದ್ರೆ? ನಿಮ್ಮಪ್ಪ. ನಾನೇ ಗೂಟ ಹಿಡಿದಿದ್ದೆ. ಗೆರೆ ತಪ್ಪಿ ಬಿದ್ದಿರಬಹುದು, ಮಗು ಕಾಲಿಟ್ಟಿದ್ದು ತಪ್ಪಲ್ಲದೇ ಇರಬಹುದು ಅಂತ."

"ಗೆರೆ ಸರಿ ಇತ್ತಾ?"

"ಸರಿ ಇತ್ತು. ಅದಕ್ಕೇ ಅವರಿಗೆ ಬೇಜಾರು."

ಮೂವತ್ತಾರು ವರ್ಷ ಈ ಮಾತು ಅಮ್ಮ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀನು ಕೇಳಿದ್ಯಾ?" ಅಂದಳು. ಅಷ್ಟೇ. ಸಿಪ್ಪೆ ಕೊಡವಿ ಎದ್ದಳು.

ಸಾಯಂಕಾಲ ನಾನು, ತಮ್ಮ, ಮಕ್ಕಳು ಬೆಟ್ಟ ಹತ್ತಲು ಹೊರಟೆವು. ಭಾನುವಾರ ಅಪ್ಪ ಹುಡುಗರನ್ನು ಇಲ್ಲಿ ಹತ್ತಿಸುತ್ತಿದ್ದರು. ಅವರ ಪ್ರಕಾರ ಇದಕ್ಕಿಂತ ಒಳ್ಳೇ ಜಿಮ್ ಇಲ್ಲ, ಫೀಸೂ ಇಲ್ಲ. ಮೊದಲ ಭಾಗದಲ್ಲಿ ಮೆಟ್ಟಿಲು, ಬಾಗಿಲುಗಳು ಇವೆ. ಆಮೇಲೆ ಬರೀ ಬಂಡೆ, ಕಾಲಿಡಲು ಕೆತ್ತಿದ ಗುರುತು. ಚಿನ್ನು ಕೆಳಗೆ ನೋಡಿ ಹೆದರಿ ಕೂತುಬಿಟ್ಟ. ನಾನೂ ಅವನ ನೆಪದಲ್ಲಿ ಕೂತೆ. ಪುಟ್ಟಿ, ಅವಳ ಮಾವ ಇನ್ನಷ್ಟು ಮೇಲೆ ಹೋಗಿ, ಕತ್ತಲಾಗುತ್ತದೆ ಅಂತ ತಿರುಗಿ ಬಂದರು. ರಾತ್ರಿ ಊಟಕ್ಕೆ ಮುದ್ದೆ, ಹಿತಕಿದ ಬೇಳೆ ಸಾರು. ಅವರೆ ಕಾಲದಲ್ಲಿ ಈ ಕಡೆ ಬಂದವರು ಬೇರೆ ಏನು ಕೇಳಿದರೂ ತಪ್ಪು.

ಎರಡನೇ ದಿನ, ಶನಿವಾರ

ಅಪ್ಪನ ಸರ್ವೀಸ್ ಪ್ರಕಾರ ಪಾವಗಡ ಮೊದಲು ಬರಬೇಕಿತ್ತು. ರಸ್ತೆ ಒಪ್ಪಬೇಕಲ್ಲ. ಮಿಡಿಗೇಶಿ ದಾಟಿದ ಮೇಲೆ ಸ್ವಲ್ಪ ದೂರ ಆಂಧ್ರದ ನೆಲ. ಬೋರ್ಡುಗಳೆಲ್ಲ ತೆಲುಗು. ಆಮೇಲೆ ಮತ್ತೆ ನಮ್ಮ ತಾಲ್ಲೂಕು. ತುಮಕೂರು ಜಿಲ್ಲೆಗೆ ಸೇರಿದ್ದರೂ ಪಾವಗಡ ಹೀಗೆ ಬೇರೆಯಾಗಿ ಕೂತಿದೆ. ಪೇಟೆಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ, ತೆಲುಗಿನಲ್ಲಿ ಕೇಳಿದರೆ ಕನ್ನಡದಲ್ಲಿ.

1974ರಲ್ಲಿ ಇಪ್ಪತ್ತಾರು ವರ್ಷದ ಅಪ್ಪ ಇಲ್ಲಿಗೆ ಬಂದಾಗ ಸ್ಟೋರ್ ರೂಮಿನಲ್ಲಿದ್ದದ್ದು ಗಾಳಿ ಇಲ್ಲದ ಒಂದು ಫುಟ್‌ಬಾಲ್. ದುಡ್ಡು ಬೇಡದ ಆಟ ಯಾವುದು? ಖೋಖೋ. ಎರಡು ಕಂಬ ಸಾಕು. ಕರಿಜಾಲಿ ಮರ ಕಡಿಸಿ, ಬಡಗಿಯಿಂದ ನುಣ್ಣಗೆ ಕೆತ್ತಿಸಿ, ನೆಲದಿಂದ ಮೇಲೆ ನಾಲ್ಕಡಿ ಉಳಿಯುವ ಹಾಗೆ ಹೂಳಿಸಿದರಂತೆ.

ಆಗಿನ ಹುಡುಗರಲ್ಲಿ ಒಬ್ಬರು ಈಗ ಅರವತ್ತು ದಾಟಿದ ರೈತರು. ತಿರುಮಣಿ ಕಡೆಯವರು. ತಮ್ಮ ಹೇಗೋ ಅವರ ನಂಬರ್ ಹುಡುಕಿದ್ದ. ಅಮ್ಮನನ್ನು ನೋಡಿ "ಅಮ್ಮಾವ್ರೇ" ಅಂತ ಕಾಲಿಗೆ ಬಿದ್ದರು. ಅವರ ಕನ್ನಡ ಕೇಳುವುದೇ ಒಂದು ಸುಖ.

"ಸಾರು ಖೋ ಕೊಟ್ರೆ ಬೆನ್ನು ಉರೀತಿತ್ತಮ್ಮ. ಮೆಲ್ಲಗೆ ಮುಟ್ಟಿದ್ರೆ ಅವನಿಗೆ ಹೆಂಗೆ ಗೊತ್ತಾಗ್ಬೇಕು, ಜೋರಾಗಿ ಕೊಡ್ರೋ ಅಂತಿದ್ರು. ಈಗ್ಲೂ ಯಾರಾದ್ರೂ ಹಿಂದಿನಿಂದ ಬೆನ್ನು ಮುಟ್ಟಿದ್ರೆ ಎದ್ದು ಓಡಂಗಾಗ್ತದೆ."

ಅವರು ತಮ್ಮ ಹೊಲ ತೋರಿಸಲು ಕರೆದುಕೊಂಡು ಹೋದರು. ಹೊಲ ಎಲ್ಲಿದೆ? ಕಣ್ಣು ಹಾಯುವ ತನಕ ಸೋಲಾರ್ ಫಲಕಗಳು. ಸುಮಾರು ಹದಿಮೂರು ಸಾವಿರ ಎಕರೆ, 2,050 ಮೆಗಾವ್ಯಾಟ್. ಜಮೀನು ಕೊಂಡಿಲ್ಲ, ಗುತ್ತಿಗೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಮಳೆ ಇಲ್ಲದೆ ಕಡ್ಲೆಕಾಯಿ ಒಣಗುವುದನ್ನು ನೋಡುವುದಕ್ಕಿಂತ ಇದು ವಾಸಿ ಅನ್ನುತ್ತಾರೆ. ಮಾತು ಮುಗಿಸುವಾಗ ಮಾತ್ರ "ಕೈಗೆ ಕೆಲಸ ಇಲ್ಲಮ್ಮ" ಅಂದರು. ಎರಡೂ ನಿಜ ಇರಬಹುದು. ಹೊರಡುವಾಗ ಅಮ್ಮನ ಕೈಗೆ ಒಂದು ಚೀಲ ಹಸಿ ಕಡ್ಲೆಕಾಯಿ ಇಟ್ಟರು. ಅದು ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ.

ರಾತ್ರಿ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಪುಟ್ಟಿಯೂ ಎದ್ದಿದ್ದಳು. ತಾತನ ಕೊನೆಯ ಖೋಖೋ ನೆನಪಿದೆಯಾ ಅಂದಳು. ನೆನಪಿಲ್ಲದೆ ಏನು. 2025ರ ಜನವರಿ 19, ಭಾನುವಾರ. ದೆಹಲಿಯಲ್ಲಿ ಮೊದಲನೇ ಖೋಖೋ ವಿಶ್ವಕಪ್ ಫೈನಲ್. ಅಪ್ಪ ಆಗಲೇ ಹುಷಾರಿಲ್ಲದೆ ಬೆಂಗಳೂರಿನ ನಮ್ಮ ಮನೆಯಲ್ಲಿದ್ದರು. ಎರಡು ದಿಂಬು ಒರಗಿಸಿ ಕೂರಿಸಿದ್ದೆವು. ಹೆಂಗಸರ ಫೈನಲ್, ಭಾರತ 78, ನೇಪಾಳ 40. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ ಚೈತ್ರಾ ಆಡುವಾಗ ಅಪ್ಪ ಕೆಮ್ಮುತ್ತಲೇ "ಹಾ... ಹಾ... ಕಂಬ ಬಿಡಬೇಡ" ಅನ್ನುತ್ತಿದ್ದರು. ಗಂಡಸರ ತಂಡವೂ ಗೆದ್ದಿತು. ನಾವೆಲ್ಲ ಚಪ್ಪಾಳೆ ಹೊಡೆದರೆ ಇವರದ್ದು ಒಂದು ತಕರಾರು. "ಮ್ಯಾಟ್ ಮೇಲೆ ಆಡಿಸಿದ್ದಾರೆ. ಮಂಡಿಗೆ ಮಣ್ಣು ಹತ್ತದ ಖೋಖೋ ಎಂಥಾ ಖೋಖೋ?" ಸ್ವಲ್ಪ ಹೊತ್ತು ಬಿಟ್ಟು ಪುಟ್ಟಿಯನ್ನು ಹತ್ತಿರ ಕರೆದು, "ಆದ್ರೂ ವಿಶ್ವಕಪ್ ಕಣವ್ವ" ಅಂದರು.

ಮೊಮ್ಮಗಳ ವಿಷಯದಲ್ಲಿ ಅಪ್ಪ ಬೇರೆ ಮನುಷ್ಯ. ನನ್ನ ಶಾಲೆಗೆ ಒಂದು ಪೇರೆಂಟ್ಸ್ ಮೀಟಿಂಗಿಗೂ ಬಾರದವರು, ಅವಳಿಗಾಗಿ ಪ್ರತಿ ಶನಿವಾರ ತುಮಕೂರಿನಿಂದ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುತ್ತಿದ್ದರು. ಚೀಲದಲ್ಲಿ ವಿಷಲ್, ಸ್ಟಾಪ್ ವಾಚ್, ಅಮ್ಮ ಕೊಟ್ಟ ಚಕ್ಕುಲಿ. 2020ರಲ್ಲಿ ಎಲ್ಲ ಬಂದ್ ಆದಾಗ ವಿಡಿಯೋ ಕಾಲ್ ಮಾಡಿ ನಮ್ಮ ತಾರಸಿ ಮೇಲೆ ಅವಳನ್ನು ಓಡಿಸಿದರು. ಫೋನ್ ಹಿಡಿದು ನಿಲ್ಲುವ ಕೆಲಸ ನನಗೆ. ಒಂದು ದಿನ ನೆಟ್‌ವರ್ಕ್ ಹೋಗಿ ಅವರ ಮುಖ ನಿಂತುಬಿಟ್ಟಿತು, ಬಾಯಲ್ಲಿ ವಿಷಲ್ ಇಟ್ಟ ಹಾಗೇ. ಪುಟ್ಟಿ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಾಳೆ. ಮನೆಯಲ್ಲಿ ಹಾರ ಹಾಕಿದ ಫೋಟೋಗಿಂತ ನನಗೆ ಅದೇ ಇಷ್ಟ.

ಮೂರನೇ ದಿನ, ಭಾನುವಾರ

ಶಿರಾದಲ್ಲಿ ಅಮ್ಮನ ದಿನ. ಅವಳೇ ದಾರಿ ತೋರಿಸಿದಳು. ಕೋಟೆ ಹತ್ತಿರದ ಒಂದು ಬೀದಿ, ನಾವಿದ್ದ ಬಾಡಿಗೆ ಮನೆ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅಂಗಡಿಯ ಮುಂದೆ ನಿಂತು ಮೊಮ್ಮಕ್ಕಳಿಗೆ ಕಥೆ ಹೇಳಿದಳು.

1983ರ ಜೂನ್ 25, ಕ್ರಿಕೆಟ್ ವಿಶ್ವಕಪ್ ಫೈನಲ್. ಬೀದಿಗೆಲ್ಲ ಟಿವಿ ಇಲ್ಲ. ಅಪ್ಪನ ಹತ್ತಿರ ಒಂದು ರೇಡಿಯೋ, ಅದರ ಏರಿಯಲ್ಲಿಗೆ ಕಟ್ಟಿದ ತಂತಿ ಕಿಟಕಿಯ ಹೊರಗೆ. ಭಾರತ 183ಕ್ಕೆ ಔಟಾದಾಗ ರೇಡಿಯೋ ಆರಿಸಿ "ಊಟ ಬಡಿಸು" ಅಂದರಂತೆ. ಊಟದ ಮಧ್ಯೆ ಮತ್ತೆ ಹಾಕಿದರಂತೆ. ರಿಚರ್ಡ್ಸ್ ಹೊಡೆದ ಚೆಂಡನ್ನು ಕಪಿಲ್ ಹಿಂದಕ್ಕೆ ಓಡಿ ಹಿಡಿದಾಗ ಕೈ ತೊಳೆಯದೆ ಎದ್ದು ನಿಂತರಂತೆ. ವೆಸ್ಟ್ ಇಂಡೀಸ್ 140ಕ್ಕೆ ಮುಗಿಯುವಾಗ ನಮ್ಮಲ್ಲಿ ನಡುರಾತ್ರಿ.

"ಹೊರಗೆ ಹೋಗಿ ವಿಷಲ್ ಊದಿದ್ರು. ಒಂದಲ್ಲ, ಎರಡಲ್ಲ. ಕಳ್ಳ ಬಂದ ಅಂತ ಬೀದಿಯೋರೆಲ್ಲ ದೊಣ್ಣೆ ಹಿಡ್ಕೊಂಡು ಬಂದ್ರು. ಇವರು ಅವರ ಕೈಗೆಲ್ಲ ಬೆಲ್ಲ ಕೊಟ್ರು. ನನ್ನ ಡಬ್ಬಿ ಬೆಲ್ಲ ಅಷ್ಟೂ ಖಾಲಿ."

ಅಂಗಡಿ ಹುಡುಗ ಇದನ್ನೆಲ್ಲ ಕೇಳಿಸಿಕೊಂಡು ಅಮ್ಮನಿಗೆ ಕುರ್ಚಿ ಹಾಕಿಕೊಟ್ಟ.

ಮಕ್ಕಳಿಗೆ ಪಕ್ಷಿ ನೋಡಬೇಕಿತ್ತು. ಹತ್ತಿರದ ಕಗ್ಗಲಡುಗೆ ಹೋದೆವು. ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಜಾಗ. ನಾವು ಸ್ವಲ್ಪ ಬೇಗ ಹೋದೆವು ಅಂತ ಕಾಣುತ್ತದೆ, ಎಣಿಸುವಷ್ಟೇ ಇದ್ದವು. ಹುಳಿಯಾರು ದಾಟಿದ ಮೇಲೆ ಟೈರ್ ಪಂಕ್ಚರ್. ಸ್ಟೆಪ್ನಿ ಹಾಕುವಷ್ಟರಲ್ಲಿ ಒಂದು ಗಂಟೆ. ಆ ಒಂದು ಗಂಟೆ ಪುಟ್ಟಿ ಚಿನ್ನುಗೆ ರಸ್ತೆ ಪಕ್ಕದಲ್ಲಿ ಎದೆ ಮುಂದೆ ಹಾಕಿ ಓಟ ಮುಗಿಸುವುದನ್ನು ಕಲಿಸಿದಳು. ತಾತನ ಪಾಠ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ನಾನೂರು ಮೀಟರ್ ಹರ್ಡಲ್ಸ್ 55.42 ಸೆಕೆಂಡಿಗೆ ಮುಗಿಸಿದರು, ಕಂಚು ಗೆದ್ದವಳು 55.41ಕ್ಕೆ. ಅಪ್ಪ ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಬಿಡುತ್ತಿದ್ದರು. ಗೆರೆ ಮುಟ್ಟಬೇಕಾದ್ದು ತಲೆಯಲ್ಲ, ಕೈಯಲ್ಲ, ಎದೆ. ಚಿನ್ನು ಹೊಟ್ಟೆ ಮುಂದೆ ಹಾಕುತ್ತಿದ್ದ.

ತಿಪಟೂರು ದಾಟಿ ಆ ಹಳ್ಳಿಗೆ ಬಂದಾಗ ಐದು ಗಂಟೆ. ತೆಂಗಿನ ತೋಟಗಳ ಮಧ್ಯೆ ಶಾಲೆ. ಅಪ್ಪ ರಿಟೈರ್ ಆದದ್ದು ಇಲ್ಲಿಂದ. ನಾವು ಬರುತ್ತೇವೆ ಅಂತ ಯಾರಿಗೂ ಹೇಳಿರಲಿಲ್ಲ. ಆದರೆ ಗೇಟು ತೆರೆದಿತ್ತು. ಮಾರನೇ ದಿನ ಜನವರಿ 26. ಮೈದಾನಕ್ಕೆ ನೀರು ಚಿಮುಕಿಸಿದ್ದರು, ಮಣ್ಣಿನ ವಾಸನೆ ಬರುತ್ತಿತ್ತು. ಒಬ್ಬ ಹುಡುಗ ಮೇಷ್ಟ್ರು ಪ್ಯಾಂಟ್ ಮಡಚಿಕೊಂಡು ಟೇಪು ಹಿಡಿದು ನಿಂತಿದ್ದರು. ಸುತ್ತ ಏಳೆಂಟು ಮಕ್ಕಳು, ಸುಣ್ಣದ ಬಕೆಟ್ಟು.

ಪರಿಚಯ ಹೇಳಿಕೊಂಡೆವು. ಅವರು ಅಪ್ಪನನ್ನು ನೋಡಿದವರಲ್ಲ, ಹೆಸರು ಕೇಳಿದ್ದರು. ಧ್ವಜಾರೋಹಣ ಆದ ಮೇಲೆ ಊರ ಮಕ್ಕಳಿಗೆ ಓಟ ಇದೆಯಂತೆ, ಅದಕ್ಕೆ ಟ್ರ್ಯಾಕ್. "ನಾಲ್ಕೇ ಲೇನ್ ಮೇಡಂ. ಸ್ಟೇಜು ಜಾಗ ತಿಂದಿದೆ."

ಪುಟ್ಟಿ ಆಗಲೇ ಡಿಕ್ಕಿ ತೆಗೆದು ಹಗ್ಗ ತಂದಿದ್ದಳು. ಮೇಷ್ಟ್ರು ಹಗ್ಗ ನೋಡಿದರು, ಬಳೆ ನೋಡಿದರು, ಕೆಂಪು ದಾರ ನೋಡಿದರು. "ಇದು ಹದಿನೆಂಟು ಎಂಬತ್ತಾ?" ಅಂದರು. ಬಿ.ಪಿ.ಎಡ್., ಅಂದರೆ ದೈಹಿಕ ಶಿಕ್ಷಣದ ಡಿಗ್ರಿ ಮಾಡಿದವರು, ಕಣ್ಣಿಗೇ ಗೊತ್ತಾಗುತ್ತದೆ.

ಟೇಪು ಇಟ್ಟು ಅಳೆದರು. 18 ಮೀಟರ್ 83. ಮೂರು ಸೆಂಟಿಮೀಟರ್ ಹಿಗ್ಗಿತ್ತು.

"ಅಜ್ಜೀ!" ಅಂದಳು ಪುಟ್ಟಿ.

"ನನ್ನ ಸೀರೆ ಹಗುರ. ನಿಮ್ಮ ಜೀನ್ಸ್ ಪ್ಯಾಂಟುಗಳದ್ದೇ ಭಾರ" ಅಂದಳು ಅಮ್ಮ.

ಮೇಷ್ಟ್ರು ನಕ್ಕು, ಮೂರು ಸೆಂಟಿಮೀಟರ್ ಬಿಟ್ಟು ಹಿಡಿಯೋಣ ಅಂದರು. ಗೂಟ ಹೊಡೆದರು. ಬಳೆ ಹಾಕಿದರು. ಗೂಟ ಹಿಡಿಯುವವರು ಯಾರು ಅಂತ ಎಲ್ಲ ನೋಡುತ್ತಿದ್ದರು. ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ಐವತ್ತಕ್ಕೆ ಬಂದ ಮಂಡಿ, ಕುಕ್ಕರಗಾಲು ಸುಲಭವಲ್ಲ. ಪುಟ್ಟಿ ಹಗ್ಗ ಎಳೆದುಕೊಂಡು ನಡೆದಳು. ಮೇಷ್ಟ್ರು ಹಿಂದೆ. ಸುಣ್ಣ ಬೀಳುತ್ತಾ ಹೋಯಿತು.

ಆಮೇಲೆ ಸ್ಟ್ಯಾಗರ್. ತಿರುವಿನಲ್ಲಿ ಹೊರಗಿನ ಲೇನಿನವನಿಗೆ ದಾರಿ ಜಾಸ್ತಿ, ಅದಕ್ಕೇ ಅವನು ಮುಂದೆ ನಿಂತು ಓಡಬೇಕು. ಚಿನ್ನುಗೆ ಇದು ಮೋಸ ಅನ್ನಿಸಿತು. "ಅವನ್ಯಾಕೆ ಮುಂದೆ?" ಅಂತ ಜಗಳಕ್ಕೇ ನಿಂತ. ಎಷ್ಟು ಮುಂದೆ ಅನ್ನುವುದಕ್ಕೆ ಲೆಕ್ಕ ಇದೆ. ಮೇಷ್ಟ್ರು "ಎರಡನೇ ಲೇನು, ಏಳು ಪಾಯಿಂಟ್ ಸೊನ್ನೆ ನಾಲ್ಕು" ಅಂದರು. ಪುಟ್ಟಿ ಅವರ ಜೊತೆಯಲ್ಲೇ ಹೇಳಿದಳು. "ಮೂರನೇದು ಹದಿನಾಲ್ಕು ಪಾಯಿಂಟ್ ಏಳು ಸೊನ್ನೆ. ನಾಲ್ಕು, ಇಪ್ಪತ್ತೆರಡು ಪಾಯಿಂಟ್ ಮೂರು ಏಳು." ಇಬ್ಬರೂ ಮಗ್ಗಿ ಹೇಳುವ ಹಾಗೆ ಒಟ್ಟಿಗೆ. ಶನಿವಾರದ ರೈಲಿನಲ್ಲಿ ಬಂದವರು ಅವಳಿಗೆ ಓಡುವುದನ್ನಷ್ಟೇ ಕಲಿಸಿಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ.

ನಾಲ್ಕನೇ ದಿನ, ಸೋಮವಾರ

ಬೆಳಗ್ಗೆ ಎಂಟಕ್ಕೆ ಶಾಲೆಯಲ್ಲಿದ್ದೆವು. ಧ್ವಜ, ಬೂಂದಿ, ಭಾಷಣ. ಭಾಷಣ ಉದ್ದವಾಯಿತು. ಮಕ್ಕಳ ಓಟ ಶುರುವಾಗುವಾಗ ಬಿಸಿಲು ಏರಿತ್ತು. ಮೇಷ್ಟ್ರು ಪುಟ್ಟಿಯ ಕೈಗೆ ಕೆಂಪು ಬಾವುಟ ಕೊಟ್ಟು ತಿರುವಿನಲ್ಲಿ ನಿಲ್ಲಿಸಿದರು. ಅವಳು ಮೈಯೆಲ್ಲ ಕಣ್ಣಾಗಿ ನಿಂತಿದ್ದಳು. ನನಗೆ ಎದೆ ಡವಡವ. ಯಾರೂ ಗೆರೆ ತುಳಿಯಲಿಲ್ಲ. ಬಾವುಟ ಎತ್ತುವ ಪ್ರಸಂಗ ಬರಲಿಲ್ಲ. ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು, ನನಗೆ ಉಸಿರು ಬಂತು.

ಹೊರಡುವಾಗ ಮೇಷ್ಟ್ರು ಸಂಕೋಚದಿಂದ ಕೇಳಿದರು. "ಅಮ್ಮ, ಈ ಹಗ್ಗ ಶಾಲೆಗೆ ಕೊಡ್ತೀರಾ?"

ಕೊಟ್ಟುಬಿಡುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು ಕೊಡುತ್ತಾಳೆ, ನಾವೂ ಅಳುತ್ತೇವೆ ಅಂತೆಲ್ಲ.

"ಬಟ್ಟೆ ಒಣಹಾಕೋಕೆ ಬೇಕಪ್ಪ" ಅಂದಳು ಅಮ್ಮ.

ಆಮೇಲೆ ತಮ್ಮನನ್ನು ತಿಪಟೂರಿಗೆ ಅಟ್ಟಿದಳು. ಅವನು ಮೂವತ್ತು ಮೀಟರ್ ನೈಲಾನ್ ಹಗ್ಗ, ಒಂದು ಕಬ್ಬಿಣದ ಬಳೆ ತಂದ. ತೆಂಗಿನ ನಾರಿನ ಹಗ್ಗ ಊರ ತುಂಬಾ ಸಿಗುತ್ತದೆ. ಅದು ಬೇಡ, ನೀರು ಬಿದ್ದರೆ ಅಳತೆ ಬದಲಾಗುತ್ತದೆ ಅಂತ ಅಮ್ಮನೇ ಹೇಳಿ ಕಳಿಸಿದ್ದಳು. ಹಗ್ಗವನ್ನು ಮೇಷ್ಟ್ರ ಕೈಗೆ ಕೊಟ್ಟು, "ಈಗಲೇ ದಾರ ಸುತ್ತಬೇಡಿ. ಒಂದು ವಾರ ಗುಂಡು ಕಟ್ಟಿ ನೇತುಹಾಕಿ. ಯಾರೂ ಓಡಾಡದ ಕಡೆ ನೇತುಹಾಕಿ" ಅಂದಳು.

ದಾರಿಯಲ್ಲಿ ಒಬ್ಬರು ತೋಟದವರು ಅಪ್ಪನ ಹೆಸರು ಕೇಳಿ ಕಾರು ನಿಲ್ಲಿಸಿ, ಅಟ್ಟದಿಂದ ಇಳಿಸಿದ ಕೊಬ್ಬರಿ ಕೊಟ್ಟರು. ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗುಡುಗುಡು ಅನ್ನುತ್ತಿತ್ತು. ಚಿನ್ನು ತುಮಕೂರು ತನಕ ಅದನ್ನೇ ಕಿವಿಗೆ ಹಿಡಿದುಕೊಂಡಿದ್ದ.

ಮಂಗಳವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅಮ್ಮನ ಫೋನು.

"ಕೆಂಪು ದಾರದ ಪಕ್ಕ ಮೂರು ಬೆರಳು ಬಿಟ್ಟು ಹಳದಿ ದಾರ ಸುತ್ತಿದ್ದು ಯಾರು? ಪುಟ್ಟಿನಾ? ಮೊದಲೇ ಕ್ಲಿಪ್ಪು ಕೂರ್ತಿರಲಿಲ್ಲ."

"ಬಿಚ್ಚಿಬಿಡಮ್ಮ" ಅಂದೆ.

"ಬಿಚ್ಚೋದ್ಯಾಕೆ? ಸುಮ್ನೆ ಕೇಳಿದೆ" ಅಂದು ಫೋನ್ ಇಟ್ಟಳು.